ಡಿ ಅಂದರೆ

ಕಾಲೇಜಿನಿಂದ ಅಪ್ಪನ ಮೊಬೈಲಿಗೆ ಬಂದ ಸಂದೇಶ ಒಂದೇ ಸಾಲಿನದು: ಮೊದಲ ಸೆಮಿಸ್ಟರ್, ಭೌತಶಾಸ್ತ್ರ, ಗ್ರೇಡ್ ಡಿ. ಅಪ್ಪನ ಕಾಲದಲ್ಲಿ ಡಿ ಅಂದರೆ ಡಿಸ್ಟಿಂಕ್ಷನ್. ಅದು ಅವನಿಗೇನೂ ಬಂದಿರಲಿಲ್ಲ, ಬಂದವರನ್ನು ದೂರದಿಂದ ನೋಡಿದ್ದ. ಹೇಳಿಕೇಳಿ ಕ್ಷೌರದಂಗಡಿಯವನು, ಬಾಯಿ ಓಡದಿದ್ದರೆ ಅವನ ಕತ್ತರಿಯೂ ಓಡದು. ಎರಡು ದಿನದಲ್ಲಿ ಗಿರಾಕಿಗಳಿಗೆಲ್ಲ ಡಂಗುರ ಸಾರಿಬಿಟ್ಟಿದ್ದ.

ಮಗಳಿಗೆ ಇದು ಗೊತ್ತಾದದ್ದು ಎದುರುಮನೆಯ ಟೈಲರ್‌ನಿಂದ. ಆಗತಾನೇ ಕಟಿಂಗ್ ಮಾಡಿಸಿಕೊಂಡು ಬಂದಿದ್ದ ಆತ, "ಏನಮ್ಮಾ, ಡಿಸ್ಟಿಂಕ್ಷನ್ ಅಂತೆ!" ಎಂದ.

ಡಿ ಎಂದರೆ ಫೇಲಿಗಿಂತ ಒಂದೇ ಮೆಟ್ಟಿಲು ಮೇಲೆ. ಶಾಲೆಯಲ್ಲಿ ಸದಾ ಮೊದಲು ಬರುತ್ತಿದ್ದವಳಿಗೆ ಅದು ಬಿಸಿ ತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನಿದ್ದುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಮುಂದಿನ ಸಲ ಕಷ್ಟಪಟ್ಟು ಬಿ ತಂದರೆ, ಮಗಳು ಕೆಳಗಿಳಿದಳು ಎಂದು ಈ ಮನುಷ್ಯ ಊಟ ಬಿಡುತ್ತಾನೆ! ಅವಳು ನೇರ ಅಂಗಡಿಗೆ ಹೋದಳು.

ಕುರ್ಚಿಯಲ್ಲಿ ಕಚೇರಿಯ ಗುಮಾಸ್ತನೊಬ್ಬ ಕೂತಿದ್ದ. ಅರ್ಧ ಗಡ್ಡ ಹೋಗಿತ್ತು, ಇನ್ನರ್ಧ ನೊರೆಯಲ್ಲಿತ್ತು.

"ಅಪ್ಪಾ, ಡಿ ಅಂದ್ರೆ ಡಿಸ್ಟಿಂಕ್ಷನ್ ಅಲ್ಲ. ಹೇಗೋ ಪಾಸಾಗಿದೀನಿ, ಅಷ್ಟೇ."

ಕತ್ತಿ ನಿಂತಿತು. ಗುಮಾಸ್ತ ಮರ್ಯಾದೆಗೆ ಕಣ್ಣು ಮುಚ್ಚಿಕೊಂಡ.

"ಓದಿರ್ಲಿಲ್ವೇನೇ?"

"ಓದಿದ್ದೆ. ಅರ್ಥ ಆಗ್ಲಿಲ್ಲ. ಮೇಷ್ಟ್ರನ್ನ ಕೇಳೋಕೆ ನಾಚಿಕೆ ಆಯ್ತು. ಅಲ್ಲಿ ಎಲ್ರಿಗೂ ಗೊತ್ತು, ನಂಗೊಬ್ಳಿಗೇ ಗೊತ್ತಿಲ್ಲ ಅನ್ನಿಸ್ತು."

ಅಪ್ಪ ಉಳಿದ ಗಡ್ಡ ತೆಗೆದ. ಅವನ ಮುಖ ಸಣ್ಣಗಾದದ್ದು ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು, ಅವಳಿಗೆ ಸಂಕಟವಾಯಿತು. ಕೊನೆಗೆ ಕತ್ತಿ ಒರೆಸುತ್ತ ಹೇಳಿದ: "ಹದಿನಾಲ್ಕು ಜನಕ್ಕೆ ಹೇಳ್ಬಿಟ್ಟಿದೀನಲ್ಲೇ. ಇನ್ನು ಅವರ ಕೂದಲು ಬೆಳೆದು, ಅವರು ವಾಪಸ್ ಬರೋ ತನಕ ತಿದ್ದೋಕೂ ಆಗಲ್ಲ."

"ನನ್ನ ಬಿಟ್ಟು ಹದಿಮೂರು," ಎಂದ ಗುಮಾಸ್ತ, ಕಣ್ಣು ತೆರೆಯದೆ.

"ಎಲ್ರಿಗೂ ನಾನೇ ಹೇಳ್ತೀನಪ್ಪಾ," ಎಂದಳು ಮಗಳು.

"ಬೇಡ. ತಪ್ಪು ಸುದ್ದಿ ಹಬ್ಬಿಸಿದೋನು ನಾನು." ಅಪ್ಪ ಮೊದಲ ಸಲ ಅವಳ ಕಡೆ ತಿರುಗಿದ. "ನಂಗೂ ನಾಚಿಕೆನೇ ಕಣೆ. ಆದ್ರೂ ಹದಿಮೂರು ಸಲ ಹೇಳ್ತೀನಿ. ನೀನು ನಾಳೆ ಮೇಷ್ಟ್ರನ್ನ ಒಂದೇ ಒಂದ್ಸಲ ಕೇಳು."