ದೂರು ಹೇಳದವರ ನಡುವೆ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನೆತ್ತುವುದೆಂದರೆ ಬೆಳಗ್ಗೆಯಿಂದ ಸಂಜೆಯವರೆಗೆ ಊರವರ ಬೈಗುಳಕ್ಕೆ ಕಿವಿಯೊಡ್ಡಿ ಕೂರುವ ಕೆಲಸ. ನಲ್ಲಿ ಒಣಗಿದರೂ ಫೋನೆತ್ತಿದವಳದೇ ತಪ್ಪು, ಪೈಪು ಒಡೆದರೂ ಅವಳದೇ ತಪ್ಪು. ಹದಿನಾಲ್ಕು ವರ್ಷ ಹೀಗೆ ಬೈಸಿಕೊಂಡವಳು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ರಸ್ತೆಯಾಚೆಯ ಹಳೇ ಸ್ಮಶಾನಕ್ಕೆ ಹೋಗಿ ಕೂತರೆ ಅದರಲ್ಲಿ ಆಶ್ಚರ್ಯವೇನು? ಅಲ್ಲಿ ಯಾರನ್ನೂ ಹೂಳದೆ ಅರವತ್ತು ವರ್ಷವಾಗಿತ್ತು. ಕಲ್ಲಿನ ಮೇಲಿನ ಅಕ್ಷರಗಳು ಸವೆದು, ವೈದ್ಯರು ಯಾರು, ವಕೀಲರು ಯಾರು ಅಂತ ಕೂಡ ತಿಳಿಯುತ್ತಿರಲಿಲ್ಲ. ಯಾರಾದರೇನು, ಅವರಲ್ಲಿ ಒಬ್ಬರೂ ನೀರು ಕೇಳುವವರಲ್ಲ. ಅರ್ಧ ಗಂಟೆ ಮರದ ನೆರಳಲ್ಲಿ ಕೂತು ಎದ್ದರೆ ಮತ್ತೆ ಮನುಷ್ಯಳಾದ ಹಾಗೆ ಅನಿಸುತ್ತಿತ್ತು.

ಆದರೆ ಹನ್ನೊಂದು ದಿನದಿಂದ ಅಲ್ಲೂ ಅವಳಿಗೆ ನೆಮ್ಮದಿಯಿರಲಿಲ್ಲ.

ಆದದ್ದು ಇಷ್ಟು. ಒಂದು ಸಂಜೆ ತಲೆ ಸಿಡಿಯುತ್ತಿತ್ತು, ಅಡುಗೆಮನೆಯಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ಹದಿನಾಲ್ಕರ ಮಗಳು ಬಾಗಿಲಿಗೆ ಬಂದು ನಿಂತು, ಅಜ್ಜಿ ಇಲ್ಲದೆ ತನಗೆ ತಡೆಯೋಕೆ ಆಗ್ತಿಲ್ಲ ಅಂದಳು. ಆಗ ಇವಳ ಬಾಯಿಂದ, ಕಚೇರಿಯ ಅದೇ ಸಕ್ಕರೆ ದನಿಯಲ್ಲಿ, ತಾನೇ ತಾನಾಗಿ ಉರುಳಿ ಬಂತು: "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಿಮ್ಮ ದೂರು ದಾಖಲಾಗಿದೆ."

ಹುಡುಗಿ ನಗಲಿಲ್ಲ, ಅಳಲಿಲ್ಲ. ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಂದಿನಿಂದ ತಾಯಿ ಏನು ಕೇಳಿದರೂ ಹೂಂ, ಇಲ್ಲವೇ ಉಹೂಂ. ಶಾಲೆಯಲ್ಲಿ ಹೆಚ್ಚಿನ ಕ್ಲಾಸಿದೆ ಅಂತ ತಡವಾಗಿ ಬರುವುದು ಬೇರೆ ಶುರುವಾಗಿತ್ತು. ಅಜ್ಜಿ ಹೋಗಿ ಮೂರು ತಿಂಗಳಾಗಿತ್ತು. ಬುದ್ಧಿ ಬಂದಾಗಿನಿಂದ ಹುಡುಗಿ ಮಲಗಿದ್ದು ಅವರ ಪಕ್ಕದಲ್ಲೇ. ಇವಳೋ, ಅವರನ್ನು ದೂರದ ಊರಿನಲ್ಲಿ ಮಣ್ಣು ಮಾಡಿದ ನಾಲ್ಕನೇ ದಿನಕ್ಕೆ ಕೆಲಸಕ್ಕೆ ಹೋಗಿ ಕೂತಿದ್ದಳು. ಗಟ್ಟಿಗಿತ್ತಿ ಅಂತ ಎಲ್ಲರೂ ಹೊಗಳಿದ್ದರು, ಇವಳೂ ಆ ಹೊಗಳಿಕೆಗೆ ಉಬ್ಬಿದ್ದಳು.

ಮಗಳ ಜೊತೆ ಹೇಗೆ ಮಾತಾಡುವುದೆಂದು ಅವಳು ಒಂದು ಮಧ್ಯಾಹ್ನ ಗೋರಿಕಲ್ಲೊಂದರ ಮುಂದೆ ಅಭ್ಯಾಸ ಮಾಡಿ ನೋಡಿದಳು. ಹೇಗೆ ಶುರುಮಾಡಿದರೂ ಕಚೇರಿಯ ವಾಕ್ಯದಲ್ಲೇ ಹೋಗಿ ಮುಗಿಯುತ್ತಿತ್ತು. ಎಲೆ ಗುಡಿಸುತ್ತಿದ್ದ ಕಾವಲುಗಾರ ತಾತ ಪೊರಕೆ ಊರಿ ನಿಂತು ಕೇಳಿಸಿಕೊಂಡ. ಇಲ್ಲಿ ಬಂದವರು ಕಲ್ಲಿನ ಜೊತೆ ಮಾತಾಡುವುದು ಅವನಿಗೇನೂ ಹೊಸದಲ್ಲ.

"ನಿಮ್ಮ ಥರಾನೇ ಒಂದು ಹುಡುಗಿ ಬರ್ತಾಳಮ್ಮ, ನಾಲ್ಕು ಗಂಟೆಗೆ," ಅಂದ. "ಅದು ತುಟಿ ಬಿಚ್ಚಲ್ಲ, ಸುಮ್ನೆ ಕೂತಿರುತ್ತೆ. ಎಡಗಾಲಿನ ಶೂ ದಾರ ಯಾವತ್ತೂ ಕಟ್ಟಿರಲ್ಲ."

ಆ ದಾರಕ್ಕಾಗಿ ದಿನಾ ಬೆಳಗ್ಗೆ ಮಗಳನ್ನು ಗದರುತ್ತಿದ್ದವಳು ಅವಳೇ.

ಮರುದಿನ ಅರ್ಧ ದಿನ ರಜೆ ಕೇಳಿದಳು. ಮೇಲಧಿಕಾರಿ ಮುಖ ಗಂಟಿಕ್ಕಿ ಸಹಿ ಹಾಕಿದರು. ಅವಳು ಹೋಗಿ ಸ್ಮಶಾನದ ಮರದ ಕೆಳಗಿನ ಬೆಂಚಿನ ಮೇಲೆ ಕೂತಳು. ನಾಲ್ಕಕ್ಕೆ ಸರಿಯಾಗಿ ಮಗಳು ಬಂದಳು, ತಾಯಿಯನ್ನು ಕಂಡು ತಿರುಗಿ ಹೊರಟೇಬಿಡುವವಳ ಹಾಗೆ ನಿಂತಳು. ಇವಳು ಬೆಂಚಿನ ತುದಿಗೆ ಸರಿದು ಜಾಗ ಮಾಡಿದಳು. ಮಗಳು ಇನ್ನೊಂದು ತುದಿಯಲ್ಲಿ ಕೂತಳು, ನಡುವೆ ಶಾಲೆಯ ಚೀಲ ಇಟ್ಟು.

ಸಮಾಧಾನದ ಮಾತುಗಳು ಒಂದರ ಹಿಂದೊಂದು ತಾಯಿಯ ಗಂಟಲಿಗೆ ಬಂದವು, ಒಂದೊಂದನ್ನೂ ನುಂಗಿಕೊಂಡಳು. ಮಾತನ್ನೇ ನೆಚ್ಚಿ ಬದುಕಿದವಳಿಗೆ ಅದೇನು ಸುಲಭವೇ?

ಕೊನೆಗೆ ಮಗಳೇ ಶುರುಮಾಡಿದಳು, ಮುಖ ಆ ಕಡೆ ತಿರುಗಿಸಿಕೊಂಡೇ. ನಿದ್ದೆಯಲ್ಲಿ ಪಕ್ಕಕ್ಕೆ ಹೊರಳಿದರೆ ಹಾಸಿಗೆ ಖಾಲಿ ಇರುತ್ತೆ ಅಂದಳು. ದಿಂಬಿನಲ್ಲಿದ್ದ ಅಜ್ಜಿಯ ವಾಸನೆಯೂ ಹೋಗುತ್ತಾ ಬಂತು, ಅದನ್ನು ಒಗೆಯಲು ಹಾಕಬೇಡ ಅಂದಳು. ಆಮೇಲೆ ದನಿ ಗಡುಸಾಯಿತು.

"ನೀನು ಮಾತ್ರ ಏನೂ ಆಗೇ ಇಲ್ಲ ಅನ್ನೋ ಹಾಗೆ ಆಫೀಸಿಗೆ ಹೋಗ್ತೀಯ, ಬರ್ತೀಯ. ನಿಂಗೆ ಅಜ್ಜಿ ನೆನಪೇ ಆಗಲ್ವಾ?"

"ನಿಂಗೆ ಅಜ್ಜಿ," ಅಂದಳು ಅವಳು. "ನಂಗೆ ಅಮ್ಮ ಕಣೇ."

ಅಷ್ಟೆ, ಮೂರು ತಿಂಗಳು ತಡೆದಿಟ್ಟದ್ದೆಲ್ಲ ಒಮ್ಮೆಗೇ ಬಂತು. ಗಟ್ಟಿಗಿತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಮಗಳು ಕಣ್ಣರಳಿಸಿ ಅವಳನ್ನೇ ನೋಡಿದಳು. ತನ್ನ ಅಮ್ಮನಿಗೂ ಒಬ್ಬ ಅಮ್ಮ ಇದ್ದಳು, ಆ ಅಮ್ಮ ಸತ್ತಿದ್ದಾಳೆ ಅನ್ನುವುದು ಅವಳಿಗೆ ಈವರೆಗೆ ಹೊಳೆದೇ ಇರಲಿಲ್ಲ.