ಏಟಿಗೂ ಮುಂಚಿನ ಗಂಟೆ

ಆಸ್ಪತ್ರೆಯ ವಾರ್ಡಿನ ಬಾಗಿಲು ಕಾಯುವ ಅವಳಿಗೆ ಎಲ್ಲರೂ ಇಟ್ಟ ಹೆಸರು ಗೇಟಕ್ಕ. ಹೋದ ತಿಂಗಳು ಯಾರೋ ತಳ್ಳಿ ಅವಳ ಹಣೆ ಬಾತುಕೊಂಡಿತ್ತು. ಪಕ್ಕದ ಗೋಡೆಯಲ್ಲೇ ಕಾವಲಿನವರನ್ನು ಕರೆಯುವ ಗಂಟೆ ಇದ್ದರೂ ಒತ್ತಿರಲಿಲ್ಲ. ಇಷ್ಟಕ್ಕೆಲ್ಲ ಕರೆದರೆ ನಗುತ್ತಾರೆ ಅಂದುಕೊಂಡಿದ್ದಳು. "ಇನ್ನೊಂದು ಏಟು ಬಿದ್ರೆ ಕೆಲಸ ಬಿಡ್ಬೇಕು" ಎಂದು ಗಂಡ ಖಡಾಖಂಡಿತವಾಗಿ ಹೇಳಿಬಿಟ್ಟ. ಅವಳಿಗೋ ಆ ಬಾಗಿಲೆಂದರೆ ಪ್ರಾಣ.

ಆಮೇಲೆ ಆಸ್ಪತ್ರೆಯವರು ತರಬೇತಿ ಕೊಟ್ಟರು. ದನಿ ಏರಿದರೆ, ಮುಷ್ಟಿ ಬಿಗಿದರೆ, ಮೈಮೇಲೆ ಬರುವಷ್ಟು ಹತ್ತಿರ ಬಂದರೆ ಆಗಲೇ ಗಂಟೆ ಒತ್ತಿ, ದೂರ ಸರಿಯಿರಿ ಎಂದರು. ಮನೆಯಲ್ಲಿ ಗಂಡನನ್ನೇ ಜಗಳಕ್ಕೆ ಬಂದವನಂತೆ ನಿಲ್ಲಿಸಿಕೊಂಡು ಅಭ್ಯಾಸ ಮಾಡಿದಳು.

"ತಾಯಿ, ದಯವಿಟ್ಟು ಒಳಗೆ ಬಿಡ್ತೀರಾ?" ಎಂದ ಅವನು.

"ಅಯ್ಯೋ, ಸಿಟ್ಟು ಮಾಡ್ಕೊಳ್ರೀ!"

"ಮಾಡ್ಕೊಂಡಿದೀನಲ್ಲೇ! ಇದಕ್ಕಿಂತ ಜಾಸ್ತಿ ನಂಗೆ ಬರಲ್ಲ."

ಬುಧವಾರ ಸಂಜೆ, ಭೇಟಿಯ ಹೊತ್ತು ಮುಗಿದ ಮೇಲೆ ಆನೆಯಂಥ ಆಳೊಬ್ಬ ಬಂದ. ಅವನ ತಾಯಿಗೆ ಬೆಳಿಗ್ಗೆ ಆಪರೇಷನ್ ಆಗಿತ್ತು.

"ಟೈಮ್ ಮುಗೀತು ಅಣ್ಣ."

"ನಮ್ಮಮ್ಮನ್ನ ನೋಡೋಕೆ ನಿನ್ನ ಅಪ್ಪಣೆ ಬೇಕಾ?"

ಮುಷ್ಟಿ ಬಿಗಿಯಿತು. ಒಂದು ಹೆಜ್ಜೆ ಮುಂದೆ ಬಂದ. ಗೇಟಕ್ಕ ಗಂಟೆಯತ್ತ ನೋಡಿದಳು. ಸುಮ್ಮಸುಮ್ಮನೆ ಕರೆದ ಹಾಗಾದರೆ? ಹಣೆ ನೆನಪಾಯಿತು. ಹಿಂದೆ ಸರಿದು ಗಂಟೆ ಒತ್ತಿಯೇಬಿಟ್ಟಳು.

"ಯಾಕೆ ಒತ್ತಿದ್ದು?" ಅವನು ಗುಡುಗಿದ.

ಕಲಿತ ಮಾತೆಲ್ಲ ಮರೆತು ನಿಜವೇ ಬಾಯಿಗೆ ಬಂತು. "ನಿಮ್ಮನ್ನ ನೋಡಿ ಭಯ ಆಯ್ತು ಅಣ್ಣ."

"ನನ್ನನ್ನಾ?" ಅವನು ಕಣ್ಣು ಪಿಳಿಪಿಳಿ ಬಿಟ್ಟು, ಯಾರದೋ ಮುಷ್ಟಿ ಎಂಬಂತೆ ತನ್ನದನ್ನೇ ನೋಡಿಕೊಂಡ.

ಅಷ್ಟರಲ್ಲಿ ಕೆಳಗಿನ ಬಾಗಿಲಿನ ಕಾವಲುಗಾರ ಬೊಜ್ಜಣ್ಣ ಕುರ್ಚಿ ಹೊತ್ತು ಓಡಿಬಂದ. ಅವರಿಬ್ಬರೇ ಮಾಡಿಕೊಂಡ ಏರ್ಪಾಡು ಅದು: ಗಂಟೆ ಬಾರಿಸಿದರೆ ಲಾಠಿ ಬೇಡ, ಕುರ್ಚಿ ತರಬೇಕು. ಕೂತವರು ಹೊಡೆಯಬೇಕಾದರೆ ಮೊದಲು ಏಳಬೇಕಲ್ಲ ಎಂಬುದು ಬೊಜ್ಜಣ್ಣನ ಲೆಕ್ಕ. ಆದರೆ ಎರಡು ಮಹಡಿ ಹತ್ತಿದ ಏದುಸಿರಿಗೆ, ಕುರ್ಚಿ ಇಟ್ಟವನೇ ತಾನೇ ಅದರಲ್ಲಿ ಕುಸಿದ.

"ಅಯ್ಯಯ್ಯೋ, ಇವರಿಗೆ ನೀರು ಕೊಡ್ರೀ!" ಎಂದು ಆನೆಯಂಥವನು ತನ್ನ ಕೈಯಲ್ಲಿದ್ದ ಆಸ್ಪತ್ರೆ ಚೀಟಿಯಿಂದಲೇ ಗಾಳಿ ಬೀಸತೊಡಗಿದ.

"ನೀವು ಕೂತ್ಕೋಬೇಕಿತ್ತು ಸ್ವಾಮಿ, ನಾನಲ್ಲ" ಎಂದ ಬೊಜ್ಜಣ್ಣ. ಆನೆಯಂಥವನಿಗೆ ನಗು ಬಂತು. ಅದು ಉಳಿದಿಬ್ಬರಿಗೂ ಅಂಟಿತು.

ಗೇಟಕ್ಕ ನರ್ಸನ್ನು ಕರೆಸಿದಳು. ತಾಯಿಗೆ ಎಚ್ಚರವಾಗಿದೆ, ಗಂಜಿ ಕೇಳಿದರು ಎಂದು ತಿಳಿದಾಗ ಆ ಆಳು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಕ್ಷಮಿಸಮ್ಮ. ನಾಳೆ ಟೈಮಿಗೇ ಬರ್ತೀನಿ."

ಮನೆಯಲ್ಲಿ ಗಂಡ ಅವಳ ಮುಖವನ್ನು ದೀಪದ ಕಡೆ ತಿರುಗಿಸಿ ತಪಾಸಣೆ ಮಾಡಿದ. "ಏನೂ ಆಗಿಲ್ವಾ?"

"ಗಂಟೆ ಒತ್ತಿದೆ."

"ಯಾರೂ ನಗಲಿಲ್ಲ ತಾನೆ?"

"ನಕ್ವಿ. ಮೂರೂ ಜನ."

ಅವನು ತಲೆ ಕೆರೆದುಕೊಂಡ. "ಸರಿ ಬಿಡು. ನಾಳೆ ಎಷ್ಟೊತ್ತಿಗೆ ಡಬ್ಬಿ ಕಟ್ಲಿ?"