ದೊಡ್ಡ ನಾಯಿಯ ಔಷಧಿ

ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವ ಟೈಲರ್ ಮಾಸ್ಟರರು ಆಯುಷ್ಯದಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಹಾಗೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವರು ಅವರೇ. ತೋಳು ಗಿಡ್ಡವಾದರೆ ಬಟ್ಟೆ ಕುಗ್ಗಿದ್ದು, ಕುತ್ತಿಗೆ ಬಿಗಿಯಾದರೆ ಹುಡುಗ ರಜೆಯಲ್ಲಿ ತಿಂದು ಉಬ್ಬಿದ್ದು, ಜೇಬು ಓರೆಯಾದರೆ ಅವನು ಅಳತೆ ಕೊಡುವಾಗ ನಿಂತಿದ್ದೇ ಓರೆ. ಅಂಗಡಿಯ ಕಿಟಕಿಯ ಬಳಿ ಕೂತು ಗುಂಡಿ, ಕಾಜಾ ನೋಡಿಕೊಳ್ಳುತ್ತಿದ್ದ ಹೆಂಡತಿ ಇಪ್ಪತ್ತೆಂಟು ವರ್ಷ ಇದನ್ನು ಕೇಳಿ ಕೇಳಿ ಸಾಕಾಗಿ, ಈಗೀಗ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸುವಾಗ ಸ್ವಲ್ಪ ಜೋರಾಗಿಯೇ ಕಚ್ಚುತ್ತಿದ್ದರು.

ಮಾಸ್ಟರರ ಕಸುಬಿನ ಗುಟ್ಟು ಎರಡು ಬೆರಳು. ಬೆಳೆಯುವ ಮಕ್ಕಳಲ್ಲವೇ? ಅಳತೆಗಿಂತ ಎರಡು ಬೆರಳು ಹೆಚ್ಚಿಗೆ ಕತ್ತರಿಸಿ, ಒಳಗೆ ಮಡಚಿ ಹೊಲಿದುಬಿಡುವುದು. ಮುಂದಿನ ವರ್ಷ ಬಿಚ್ಚಿಕೊಂಡರಾಯಿತು. ತಾಯಂದಿರು ಇದಕ್ಕೇ ಅವರನ್ನು ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ.

ಮಕ್ಕಳಿಲ್ಲದ ಆ ಮನೆಯಲ್ಲಿ ಬೆಳೆದದ್ದು ಬಾಬಿನ್ ಒಂದೇ. ಕಂದು ಬಣ್ಣದ, ಗಿಡ್ಡ ಕಾಲಿನ ನಾಯಿ. ಹೊಲಿಗೆ ಯಂತ್ರದೊಳಗಿನ ದಾರದ ಬಾಬಿನ್‌ನಂತೆ ದಿನವಿಡೀ ಯಂತ್ರದ ಸುತ್ತ ಗಿರಗಿರ ಸುತ್ತುತ್ತಿದ್ದುದರಿಂದ ಆ ಹೆಸರು. ಆ ಬೇಸಿಗೆಯಲ್ಲಿ ಅದಕ್ಕೆ ಮೈತುಂಬ ಉಣ್ಣಿ, ಚಿಗಟ. ಹೆಂಡತಿ ದಿನಾ ಚಿಮುಟದಲ್ಲಿ ಕಿತ್ತು ಕಿತ್ತು ಸೋತರು.

"ರೀ, ಬೆನ್ನಿಗೆ ಬಿಡೋ ಔಷಧಿ ಇದೆಯಂತೆ, ತನ್ನಿ. ಆದ್ರೆ ಮೊದಲು ಇದರ ತೂಕ ನೋಡಿಸಿ. ತೂಕಕ್ಕೆ ತಕ್ಕ ಹಾಗೆ ಕೊಡ್ತಾರಂತೆ" ಎಂದರು.

"ತೂಕ ಯಾಕೇ? ಇದೇನು ಈರುಳ್ಳಿ ಮೂಟೆನಾ? ಮೂವತ್ತು ವರ್ಷ ಕಣ್ಣಳತೆಯಲ್ಲೇ ಬದುಕಿದೋನು ನಾನು."

ಔಷಧಿ ಅಂಗಡಿಯವಳು ಮೂರು ಪೊಟ್ಟಣ ತಂದಿಟ್ಟಳು: ಚಿಕ್ಕ ನಾಯಿಗೆ, ನಡುವಿನದಕ್ಕೆ, ದೊಡ್ಡದಕ್ಕೆ. ಮಾಸ್ಟರರ ಕೈ ತಾನಾಗಿಯೇ ದೊಡ್ಡದಕ್ಕೆ ಹೋಯಿತು. ಸ್ವಲ್ಪ ಹೆಚ್ಚಿಗೆ ಇದ್ದರೆ ತಪ್ಪೇನು? ಬಾಬಿನ್‌ಗೆ ನಾಲ್ಕು ವರ್ಷ ತುಂಬಿತ್ತು, ಇನ್ನು ಅದು ಬೆಳೆಯುವುದಿದ್ದರೆ ಅಡ್ಡಡ್ಡಲಾಗಿ ಮಾತ್ರ. ಆದರೆ ಆ ಲೆಕ್ಕ ಅವರ ತಲೆಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಹೆಂಡತಿ ಊಟದ ತಟ್ಟೆ ತೊಳೆಯುತ್ತಿದ್ದಾಗ, ಮಾಸ್ಟರರು ಬಾಬಿನ್‌ನ ಕತ್ತಿನ ಹಿಂದೆ ಕೂದಲು ಬಿಡಿಸಿ, ಪುಟ್ಟ ಕೊಳವೆಯಲ್ಲಿದ್ದ ಔಷಧಿಯನ್ನು ಕೊನೆಯ ಹನಿಯವರೆಗೂ ಹಿಂಡಿದರು. ಖಾಲಿ ಪೊಟ್ಟಣವನ್ನು ಅಂಗಿಯ ಜೇಬಿಗೆ ತುರುಕಿದರು. ಮೇಲೆ ಬರೆದದ್ದನ್ನು ಹೆಂಡತಿ ಓದಿಬಿಟ್ಟರೆ ಸುಮ್ಮನೆ ಮಾತು ಬೆಳೆಯುತ್ತದಲ್ಲ ಎಂದು.

ಮೂರು ಗಂಟೆಯ ಹೊತ್ತಿಗೆ ಬಾಬಿನ್ ಸುತ್ತುವುದನ್ನು ನಿಲ್ಲಿಸಿತು. ಬಾಯಿಂದ ಜೊಲ್ಲು ಸೋರಿ ಕೆಳಗೆ ಬಿದ್ದಿದ್ದ ಬಟ್ಟೆಯ ಚೂರುಗಳೆಲ್ಲ ನೆನೆದವು. ಎದ್ದು ನಿಂತರೆ ಹಿಂಗಾಲು ಒಂದು ಕಡೆ, ಮುಂಗಾಲು ಇನ್ನೊಂದು ಕಡೆ. ಮೈ ನಡುಗತೊಡಗಿತು.

"ಅಯ್ಯೋ, ಏನಾಯ್ತ್ರೀ ಇದಕ್ಕೆ?" ಎಂದು ಹೆಂಡತಿ ಸೂಜಿ ಎಸೆದು ಓಡಿ ಬಂದರು.

ಏನಾಯಿತೆಂದು ಮಾಸ್ಟರರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿಂದ ಹೊರಟದ್ದು ಮಾತ್ರ, "ಬೀದೀಲಿ ಏನೋ ತಿಂದಿರ್ಬೇಕು. ಇದರ ಬಾಯಿಚಪಲ ನಿಂಗೊತ್ತಲ್ಲ" ಎಂಬುದು.

ಅರ್ಧ ಹೊಲಿದ ಲಂಗದಲ್ಲಿ ನಾಯಿಯನ್ನು ಸುತ್ತಿಕೊಂಡು ಇಬ್ಬರೂ ಎರಡು ಬೀದಿ ಆಚೆಯ ಪ್ರಾಣಿಗಳ ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಬಾಬಿನ್‌ನನ್ನು ತಕ್ಕಡಿಯ ಮೇಲೆ ಮಲಗಿಸಿದರು. ಒಂಬತ್ತು ಕಿಲೋ. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಎದೆಬಡಿತ ಕೇಳಿದರು.

"ಏನಾದ್ರೂ ತಿಂತಾ?"

"ಬೀದೀಲಿ ಏನೋ" ಎಂದರು ಮಾಸ್ಟರರು, ಗೋಡೆಯ ಕಡೆ ನೋಡುತ್ತ.

"ಇವತ್ತು ಮೈಗೆ ಏನಾದ್ರೂ ಹಾಕಿದ್ರಾ? ಉಣ್ಣಿ ಔಷಧಿ, ಪೌಡರು?"

ಹೆಂಡತಿ ಗಂಡನ ಮುಖ ನೋಡಿದರು. ಮಾಸ್ಟರರು ಅಂಗಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು.

ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತ ಹೇಳಿದರು: "ನೋಡಿ, ತಿಂದಿದ್ರೆ ಮತ್ತಿನ ಔಷಧಿ ಕೊಟ್ಟು ಹೊಟ್ಟೆ ತೊಳೀಬೇಕು. ಇಷ್ಟು ನಡುಗೋ ನಾಯಿಗೆ ಮತ್ತು ಬರಿಸೋದು ಅಪಾಯ, ತಡ್ಕೊಳ್ಳುತ್ತೆ ಅಂತ ನಾನು ಮಾತು ಕೊಡಲ್ಲ. ಮೈಗೆ ಹಾಕಿದ್ದಾದ್ರೆ ನಡುಕಕ್ಕೊಂದು ಇಂಜೆಕ್ಷನ್ ಕೊಟ್ಟು, ಮೈ ತೊಳೆದ್ರೆ ಸಾಕು. ಯಾವುದು ಅಂತ ಬೇಗ ಹೇಳಿ."

ಜೇಬಿನಲ್ಲಿದ್ದ ಪೊಟ್ಟಣ ಎದೆಗೆ ಚುಚ್ಚುತ್ತಿತ್ತು. ಮೇಜಿನ ಮೇಲಿಂದ ಬಾಬಿನ್ ಅವರನ್ನೇ ನೋಡುತ್ತಿತ್ತು. ಅಷ್ಟು ಸಂಕಟದಲ್ಲೂ ಬಾಲದ ತುದಿ ಒಂದು ಸಲ ಅಲ್ಲಾಡಿತು. ಈ ನಾಯಿ ಸತ್ತರೆ ತಪ್ಪನ್ನು ಯಾರ ಮೇಲೆ ಹೊರಿಸಲಿ, ಬಟ್ಟೆಯ ಮೇಲೋ ಎಂದುಕೊಂಡರು ಮಾಸ್ಟರರು.

"ನಾನೇ ಹಾಕಿದ್ದು" ಎಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. "ದೊಡ್ಡ ನಾಯೀದು. ಪೂರ್ತಿ ಹಿಂಡಿದೀನಿ. ತಪ್ಪಾಯ್ತು ಡಾಕ್ಟರಮ್ಮ, ಹೇಗಾದ್ರೂ ಉಳಿಸಿ."

ಡಾಕ್ಟರಮ್ಮ ಪೊಟ್ಟಣದ ಮೇಲೆ ಒಮ್ಮೆ ಕಣ್ಣಾಡಿಸಿ ಇಂಜೆಕ್ಷನ್ ಕೊಟ್ಟರು. ಮಾಸ್ಟರರ ಕೈಗೂ ಒಂದು ಜೊತೆ ಗವಸು ಕೊಟ್ಟು, ತೊಟ್ಟಿಯ ಕಡೆ ಕೈ ತೋರಿಸಿದರು. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು. ಮಾಸ್ಟರರು ಮೊಣಕೈವರೆಗೆ ನೊರೆ ಮಾಡಿಕೊಂಡು ಉಜ್ಜಿದರು, ತೊಳೆದರು, ಮತ್ತೆ ಉಜ್ಜಿದರು. ಹೆಂಡತಿ ನಾಯಿಯ ತಲೆ ಹಿಡಿದುಕೊಂಡಿದ್ದರು. ಬೈದಿದ್ದರೆ ವಾಸಿಯಿತ್ತು ಎನಿಸಿತು ಮಾಸ್ಟರರಿಗೆ.

ಐದೂವರೆಗೆ ನಡುಕ ನಿಂತಿತು. ಆರಕ್ಕೆ ಬಾಬಿನ್ ಎದ್ದು ಮೈ ಕೊಡವಿ ಮೂವರಿಗೂ ಸ್ನಾನ ಮಾಡಿಸಿತು. ಆಮೇಲೆ ಡಾಕ್ಟರಮ್ಮನ ಚಪ್ಪಲಿಯೊಂದನ್ನು ಕಚ್ಚಿಕೊಂಡು ಮೇಜಿನ ಸುತ್ತ ಓಡತೊಡಗಿತು. ಮಾಸ್ಟರರಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಡಾಕ್ಟರಮ್ಮ ಒಂದು ಕಾಗದ ಮುಂದಿಟ್ಟರು. "ಔಷಧಿಯಿಂದ ಹೀಗಾದಾಗ ಅದನ್ನ ತಯಾರಿಸೋ ಕಂಪನಿಯೋರಿಗೆ ತಿಳಿಸ್ತೀವಿ. ಸರಿಯಾಗೇ ಹಾಕಿದ್ರೂ ಕೆಲವು ನಾಯಿಗೆ ಒಗ್ಗಲ್ಲ, ಅದಕ್ಕೆ ನಿಜ ಏನಾಯ್ತು ಅಂತ ಅವರಿಗೆ ಗೊತ್ತಾಗ್ಬೇಕು. ನೀವೇ ತುಂಬಿ, ಮಾಸ್ಟ್ರೇ."

ಮಾಸ್ಟರರು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಬರೆದರು. ಬರೆದಾದ ಮೇಲೆ ಕೊಡಲು ಕೈ ಮುಂದೆ ಬರಲಿಲ್ಲ. ಹೆಂಡತಿಯೇ ಕಾಗದ ಕಿತ್ತುಕೊಂಡು ಕನ್ನಡಕ ಏರಿಸಿದರು. ಗಂಡನನ್ನು ಈ ಜನ್ಮಕ್ಕೆ ಸಾಕಾಗುವಷ್ಟು ಆಡಿಕೊಳ್ಳಬೇಕೆಂದು ಅವರು ಆಗಲೇ ಸಿದ್ಧರಾಗಿದ್ದರು.

ನಾಯಿಯ ತೂಕ, ಔಷಧಿಯ ಅಳತೆ, ಎಷ್ಟು ಗಂಟೆಗೆ ಏನಾಯಿತು, ಎಲ್ಲ ಇತ್ತು. ಕೊನೆಯಲ್ಲಿ 'ಬೇರೆ ಏನಾದರೂ ತಿಳಿಸುವುದಿದೆಯೇ?' ಎಂಬುದರ ಮುಂದೆ, ದುಂಡಗಿನ ಅಕ್ಷರದಲ್ಲಿ ಮಾಸ್ಟರರು ಬರೆದಿದ್ದರು: 'ಔಷಧಿಯ ತಪ್ಪಿಲ್ಲ. ನಾಯಿಯ ತಪ್ಪಿಲ್ಲ. ತೂಕ ನೋಡಿಸಿ ಎಂದು ನನ್ನ ಹೆಂಡತಿ ಹೇಳಿದ್ದಳು. ನಾನು ಕೇಳಲಿಲ್ಲ. ಅವಳು ಹೇಳುವುದು ಬಹಳ ಸಲ ಸರಿಯಿರುತ್ತದೆ.'

ಹೆಂಡತಿ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಮತ್ತೊಂದು ಸಲ ಓದಿದರು.

"ಡಾಕ್ಟರಮ್ಮ," ಎಂದರು, ಕಾಗದ ಮಡಚುತ್ತ. "ಔಷಧಿಯೋರಿಗೆ ಇದರ ನಕಲು ಕಳಿಸಿ ಸಾಕು. ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ಇವರು ನಂಗೆ ಬರೆದಿರೋ ಮೊದಲನೇ ಕಾಗದ ಇದು. ಅಸಲು ನಾನು ಕೊಡಲ್ಲ."